ಒಟಿಪಿ ಕೊಟ್ಟರೆ ಒಪ್ಪಿಗೆ ಕೊಟ್ಟ ಹಾಗಾ?

ಪ್ರೀತಿಯ ಅಕ್ಕ,

ಕಾರ್ಕಳ ಕಡೆಯಿಂದ ನೀವು ಬರೆದ ಪತ್ರ ಸಿಕ್ಕಿತು. ಉಳಿದ ಓದುಗರಿಗಾಗಿ ಅದರಲ್ಲಿರುವುದನ್ನು ಚಿಕ್ಕದಾಗಿ ಹೇಳುತ್ತೇನೆ. ನೀವು ಆಶಾ ಕಾರ್ಯಕರ್ತೆ. ನಿಮ್ಮ ವ್ಯಾಪ್ತಿಯ ಕೊರಗ ಬುಡಕಟ್ಟಿನವರ ಕಾಲೊನಿಗೆ ಹೊರಗಿನ ಒಂದು ತಂಡ ಟ್ಯಾಬ್ ಹಿಡಿದುಕೊಂಡು ಬಂತು. ರಕ್ತ ತೆಗೆದರು, ಬಿಪಿ ನೋಡಿದರು. ಮನೆಯಲ್ಲಿ ಯಾರಿಗೆ ಏನು ಕಾಯಿಲೆ, ಯಾರು ಕುಡಿಯುತ್ತಾರೆ ಎಂದು ಕೇಳಿ ತುಂಬಿಸಿಕೊಂಡರು. ಫೋಟೋನೂ ತೆಗೆದರು. ಜೊತೆಗೇ ಆಭಾ ಕಾರ್ಡ್, ಅಂದರೆ ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆಯ ಕಾರ್ಡ್, ಮಾಡಿಸಿದರು. ಒಟಿಪಿ ಮಂಗಳೂರಿನಲ್ಲಿ ಕೆಲಸಕ್ಕಿರುವ ಮಗನ ಫೋನಿಗೆ ಹೋದಾಗ, "ನಂಬರ್ ಹೇಳು ಮಾರಾಯ" ಎಂದು ಕೇಳಿ ಪಡೆದದ್ದು ನೀವು. ಆಗ ಒಬ್ಬರು ಅಜ್ಜಿ, ಇದನ್ನೆಲ್ಲ ಯಾರು ನೋಡುವುದು ಎಂದು ತುಳುವಿನಲ್ಲಿ ಕೇಳಿದರು. ತಂಡದವರಿಗೆ ತುಳು ಬರುತ್ತಿರಲಿಲ್ಲ. ನಿಮಗೆ ಉತ್ತರ ಗೊತ್ತಿರಲಿಲ್ಲ. ರಕ್ತದ ರಿಪೋರ್ಟ್ ಇವತ್ತಿಗೂ ಯಾರ ಕೈಗೂ ಬಂದಿಲ್ಲ. "ಜನ ನನ್ನನ್ನು ನಂಬಿ ಒಪ್ಪಿದರು, ಇದು ಸರಿಯಾ?" ಎಂದು ಕೇಳಿದ್ದೀರಿ.

ಸರಿ ಅಲ್ಲ. ಆದರೆ ಅದರ ಹೊರೆ ನಿಮ್ಮ ತಲೆಗೆ ಬರಬಾರದು. ಅಜ್ಜಿ ಕೇಳಿದ ಪ್ರಶ್ನೆಗೆ ಉತ್ತರ ಇಟ್ಟುಕೊಂಡೇ ಆ ತಂಡ ಕಾಲೊನಿಗೆ ಕಾಲಿಡಬೇಕಿತ್ತು. ಅಲ್ಲಿಯವರ ಭಾಷೆ ಬಲ್ಲವರನ್ನು ಕರೆತರುವುದು ಅವರ ಕೆಲಸ.

ಫೋನು, ಟ್ಯಾಬ್ ಬೇಡ ಎಂದು ನಾನು ಹೇಳುತ್ತಿಲ್ಲ. ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರ 'ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್' ನಿಮಗೆ ಗೊತ್ತಿರಬಹುದು. ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಇಸಿಜಿ ಯಂತ್ರ ಕೊಟ್ಟು, ಅಲ್ಲಿ ತೆಗೆದ ಇಸಿಜಿಯನ್ನು ವಾಟ್ಸಾಪ್‌ನಲ್ಲಿ ತಜ್ಞರಿಗೆ ಕಳಿಸುವ ವ್ಯವಸ್ಥೆ ಅದು. ಎದೆನೋವು ಬಂದವನ ಮಾಹಿತಿ ಹೊರಗೆ ಹೋಗುತ್ತದೆ, ಕೂಡಲೇ ಅವನಿಗೇ ಬೇಕಾದ ಉತ್ತರ ವಾಪಸ್ ಬರುತ್ತದೆ. ನಿಮ್ಮ ಕಾಲೊನಿಯಲ್ಲಿ ಮಾಹಿತಿ ಹೋಯಿತು, ವಾಪಸ್ ಏನೂ ಬರಲಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿಯೇ.

ಅದರಲ್ಲೂ ಕೊರಗರ ವಿಷಯದಲ್ಲಿ ಜಾಸ್ತಿ ಸಿಟ್ಟು ಬರುತ್ತದೆ. ಉಳಿದವರ ರೋಗ, ಅನಿಷ್ಟ ದಾಟಿ ಹೋಗಲಿ ಎಂದು ಕೂದಲು, ಉಗುರು ಬೆರೆಸಿದ ಅನ್ನವನ್ನು ಇವರಿಗೆ ತಿನ್ನಿಸಿದ ಜಿಲ್ಲೆಗಳು ನಮ್ಮವು. ಆ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಕಾಯ್ದೆಯೇ ಬೇಕಾಯಿತು. ತಮ್ಮ ಮೈಯನ್ನು ಬೇರೆಯವರ ಅನುಕೂಲಕ್ಕೆ ಬಳಸಿದ್ದನ್ನು ಕಂಡ ಹಿರಿಯರು ಇನ್ನೂ ಆ ಮನೆಗಳಲ್ಲಿದ್ದಾರೆ. ಅಂಥವರ ರಕ್ತ ಕೇಳುವಾಗ ಯಾಕೆ, ಯಾರಿಗೆ ಎಂದು ಹೇಳದೆ ಹೋದರೆ ಹೇಗೆ?

ಈಗ ಆಭಾ ಬಗ್ಗೆ. ಅದು 14 ಅಂಕಿಯ ನಂಬರ್. ಮಾಡಿಸುವುದು ಕಡ್ಡಾಯ ಅಲ್ಲ. ಅದು ಇಲ್ಲ ಎಂದು ಚಿಕಿತ್ಸೆ ನಿರಾಕರಿಸುವ ಹಾಗಿಲ್ಲ. ಬೇಡ ಅನ್ನಿಸಿದರೆ ರದ್ದು ಮಾಡಿಸಬಹುದು. ಇದನ್ನು ಅಲ್ಲಿ ಯಾರಾದರೂ ಹೇಳಿದರಾ? ಹೇಳಿರಲಿಕ್ಕಿಲ್ಲ. "ಬೇಡ" ಎಂದರೆ ಮುಂದೆ ಪಡಿತರಕ್ಕೋ ಮಾತ್ರೆಗೋ ತೊಂದರೆ ಆದೀತು ಎಂಬ ಹೆದರಿಕೆ ಇರುವವರು "ಆಯ್ತು" ಎಂದರೆ, ಅದನ್ನು ಒಪ್ಪಿಗೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ಒಟಿಪಿ ಯಾರಿಗೂ ಹೇಳಬೇಡಿ ಎಂದು ಪೊಲೀಸರೂ ಬ್ಯಾಂಕಿನವರೂ ದಿನಾ ಹೇಳುತ್ತಾರೆ. ಅದೇ ಜನರ ಹತ್ತಿರ ನಾವೇ ಹೋಗಿ ಒಟಿಪಿ ಕೇಳುತ್ತೇವೆ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ ಒಳ್ಳೆಯ ಮಾತು ಇದೆ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂದಕ್ಕೆ ಪಡೆಯಲು ಆಗಬೇಕು ಎನ್ನುತ್ತದೆ. ಒಪ್ಪಿಗೆ ಕೇಳುವ ಮಾತನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಬೇಕಾದ್ದರಲ್ಲಿ ಓದುವ ಅವಕಾಶ ಕೊಡಬೇಕು ಎಂದೂ ಹೇಳುತ್ತದೆ. ಆ ಪಟ್ಟಿಯಲ್ಲಿ ಕನ್ನಡ ಇದೆ, ಕೊಂಕಣಿ ಇದೆ. ತುಳು ಇಲ್ಲ, ಕೊರಗ ಭಾಷೆ ಇಲ್ಲ, ಬ್ಯಾರಿ ಇಲ್ಲ. ನಿಮ್ಮ ಅಜ್ಜಿಗೆ ಅರ್ಥ ಆಗದ ಹಾಗೆ ಕೇಳಿಯೂ ಕಾನೂನನ್ನು ಪಾಲಿಸಿದ್ದೇವೆ ಎಂದು ಹೇಳಿಬಿಡಬಹುದು. ಅದಕ್ಕೇ, ಕಾನೂನು ಹೇಳಿದಷ್ಟನ್ನು ಮಾತ್ರ ಮಾಡಿದರೆ ಇಲ್ಲಿ ಸಾಲದು.

"ಹೆಸರು ತೆಗೆದುಹಾಕುತ್ತೇವೆ, ಚಿಂತೆ ಬೇಡ" ಎಂದು ತಂಡದವರು ಹೇಳಿದ್ದಾಗಿ ಬರೆದಿದ್ದೀರಿ. ದೊಡ್ಡ ಊರಿನಲ್ಲಿ ಆ ಮಾತಿಗೆ ಬೆಲೆ ಇದೆ. ಕೊರಗರು 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದಲ್ಲಿ 15 ಸಾವಿರದಷ್ಟೂ ಇರಲಿಲ್ಲ. ಕೆಲವೇ ಮನೆಗಳ ಕಾಲೊನಿಯಲ್ಲಿ ವಯಸ್ಸು, ಕಾಯಿಲೆ ಹೇಳಿದರೆ ಸಾಕು, ಯಾರೆಂದು ಗೊತ್ತಾಗುತ್ತದೆ. ಯಾರೆಂದು ಗೊತ್ತಾಗದಿದ್ದರೂ, ಕೊರಗರಲ್ಲಿ ಕುಡಿತ ಇಷ್ಟು ಎಂದು ವರದಿ ಬಂದರೆ, ಕುಡಿಯದವನಿಗೂ ಕೆಲಸ ಕೊಡುವವರು ಹಿಂದೆ ಮುಂದೆ ನೋಡುತ್ತಾರೆ ಅಲ್ವಾ?

ಅಮೆರಿಕದ ಅರಿಜೋನಾದಲ್ಲಿ ಹವಸುಪಾಯಿ ಎಂಬ ಸಣ್ಣ ಬುಡಕಟ್ಟು ಇದೆ. ಅವರಲ್ಲಿ ಸಕ್ಕರೆ ಕಾಯಿಲೆ ತುಂಬಾ ಹೆಚ್ಚಾಗಿತ್ತು. 1990ರಿಂದ ಅಲ್ಲಿನ ವಿಶ್ವವಿದ್ಯಾಲಯದವರು ರಕ್ತ ತೆಗೆದುಕೊಂಡರು. ಸಕ್ಕರೆ ಕಾಯಿಲೆಗೆಂದೇ ಜನ ಕೊಟ್ಟಿದ್ದರು. ಆಮೇಲೆ ಅದೇ ರಕ್ತವನ್ನು ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆಯ ಅಧ್ಯಯನಕ್ಕೆ, ಅವರ ಮೂಲ ಎಲ್ಲಿಯದೆಂದು ಹುಡುಕಲಿಕ್ಕೆ ಬಳಸಿದ್ದು ಗೊತ್ತಾಯಿತು. ಜನ ಕೋರ್ಟಿಗೆ ಹೋದರು. 2010ರಲ್ಲಿ ವಿಶ್ವವಿದ್ಯಾಲಯ ರಾಜಿಗೆ ಬಂದು 7 ಲಕ್ಷ ಡಾಲರ್ ಕೊಟ್ಟಿತು, ಉಳಿದ ರಕ್ತವನ್ನೂ ಹಿಂದಿರುಗಿಸಿತು. ರಕ್ತವನ್ನಾದರೆ ವಾಪಸ್ ತರಬಹುದು. ಟ್ಯಾಬ್‌ಗೆ ಹೋದ ಮಾಹಿತಿ ಎಷ್ಟು ಕಡೆ ನಕಲಾಗಿದೆ ಎಂದು ಹುಡುಕುವುದು ಯಾರು?

ನೀವು ಮಾಡಬಹುದಾದ್ದನ್ನು ಹೇಳುತ್ತೇನೆ. ಮೊದಲು ರಿಪೋರ್ಟ್ ತರಿಸಿ. ರಕ್ತ ಕಡಿಮೆ ಇರುವ ಹೆಂಗಸರಿಗೆ ಕಬ್ಬಿಣದ ಮಾತ್ರೆ ಶುರುವಾಗಬೇಕಲ್ಲ, ಅದು ಎಲ್ಲಕ್ಕಿಂತ ತುರ್ತು. ನಿಮ್ಮ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಯ ಮೂಲಕ ಬರವಣಿಗೆಯಲ್ಲೇ ಕೇಳಿ. ಬಂದದ್ದು ಸಂಶೋಧನೆಗೆ ಎಂದಾದರೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ ನೈತಿಕ ಸಮಿತಿಯ ಅನುಮತಿ ಇರಲೇಬೇಕು. ಅದರ ಪ್ರತಿಯನ್ನೂ ಕೇಳಿ. ಮುಂದಿನ ಸಲ ಯಾರಾದರೂ ಬಂದರೆ, ಕಾಲೊನಿಯವರ ಜೊತೆ ಮೊದಲು ಒಂದು ಸಂಜೆ ಕೂತು ಮಾತಾಡಿ ಆಮೇಲೆ ಟ್ಯಾಬ್ ತೆಗೆಯಿರಿ ಎಂದು ಹೇಳಿ. ಹಾಗೆ ಹೇಳಿದ್ದಕ್ಕೆ ನಿಮ್ಮನ್ನು ಯಾರಾದರೂ ಬೈದರೆ ನಮಗೆ ತಿಳಿಸಿ.

ನಿಮ್ಮ ಹೆಸರಿನಲ್ಲಿ ಕೇಳುವುದು ಕಷ್ಟ ಎಂದಾದರೆ ಆ ಪತ್ರವನ್ನು ಪತ್ರಿಕೆಯಿಂದ ನಾವೇ ಬರೆಯುತ್ತೇವೆ. ಆದರೆ ಅದರಲ್ಲಿ ಕಾಲೊನಿಯ ಹೆಸರು ಹಾಕಬೇಕಾಗುತ್ತದೆ. ಹಾಕಬಹುದಾ ಎಂದು ಅಲ್ಲಿಯವರನ್ನು ಕೇಳಿ ತಿಳಿಸಿ. ಅವರು ಬೇಡ ಎಂದರೆ ಬರೆಯುವುದಿಲ್ಲ, ಬೇರೆ ದಾರಿ ನೋಡೋಣ.

— ಸಂಪಾದಕ