ಪ್ರತಿಕ್ರಿಯೆ: ನೀರು ಸುರಿಯುವ ಕಣ್ಣು ಒಣಗಿದೆ ಎಂದರೇನು?

ದಿನವಿಡೀ ಕಣ್ಣಲ್ಲಿ ನೀರು ಸುರಿಯುತ್ತಿದೆ, ವೈದ್ಯರು ಮಾತ್ರ ‘ಕಣ್ಣು ಒಣಗಿದೆ’ ಎನ್ನುತ್ತಾರೆ, ಇದೇನು ತಮಾಷೆಯೇ ಎಂದು ಕೇಳಿದ್ದೀರಿ. ತಮಾಷೆಯಲ್ಲ, ಅವರು ಹೇಳಿದ್ದು ಸರಿಯಿರಬಹುದು. ಕಣ್ಣೀರೆಂದರೆ ಬರಿಯ ನೀರಲ್ಲ. ಅದರ ಮೇಲೆ ತೆಳುವಾದ ಎಣ್ಣೆಯ ಪದರವಿರುತ್ತದೆ. ರೆಪ್ಪೆಯಂಚಿನ ಮೈಬೋಮಿಯನ್ ಗ್ರಂಥಿಗಳು ಅದನ್ನು ಒಸರುತ್ತವೆ. ಅವು ಕಟ್ಟಿಕೊಂಡರೆ ನೀರು ಬೇಗ ಆರಿ ಕಣ್ಣು ಉರಿಯುತ್ತದೆ. ಆ ಉರಿಗೆ ಗಾಬರಿಬಿದ್ದಂತೆ ಕಣ್ಣೀರಿನ ಗ್ರಂಥಿ ಒಮ್ಮೆಲೇ ನೀರು ಸುರಿಸುತ್ತದೆ. ಆ ನೀರು ಕೆನ್ನೆಗಿಳಿಯುತ್ತದೆಯೇ ಹೊರತು ಕಣ್ಣಿನಲ್ಲಿ ನಿಲ್ಲುವುದಿಲ್ಲ.

ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು, ಚರ್ಮ ಸುಡದಂತೆ ನೋಡಿಕೊಂಡು, ಮುಚ್ಚಿದ ರೆಪ್ಪೆಯ ಮೇಲೆ 5ರಿಂದ 10 ನಿಮಿಷ ಇಡಿ. ಬಟ್ಟೆ ಬೇಗ ತಣ್ಣಗಾಗುತ್ತದೆ, ಮತ್ತೆ ಮತ್ತೆ ಅದ್ದಬೇಕು, ಬೇಸರದ ಕೆಲಸವೇ. ಆಮೇಲೆ ರೆಪ್ಪೆಯಂಚನ್ನು ಬೆರಳಿನಿಂದ ಮೆಲ್ಲಗೆ ನೀವಿ. ವಾರಗಟ್ಟಲೆ ಬಿಡದೆ ಮಾಡಿದರಷ್ಟೇ ಗುಣ ಕಾಣುತ್ತದೆ.

ಕೃತಕ ಕಣ್ಣೀರಿನ ಹನಿಯನ್ನು ದಿನಕ್ಕೆ 4ಕ್ಕಿಂತ ಹೆಚ್ಚು ಸಲ ಹಾಕುವುದಾದರೆ ಸಂರಕ್ಷಕ ರಾಸಾಯನಿಕ ಬೆರೆಸದ್ದನ್ನೇ ಕೇಳಿ ಪಡೆಯಿರಿ. ಕೆಂಪು ಇಳಿಸುವ ಹನಿಯ ಗೋಜಿಗೆ ಹೋಗಬೇಡಿ. ಬಾಯಿಯೂ ಒಣಗುತ್ತಿದ್ದು ಕೀಲುಗಳು ನೋಯುತ್ತಿದ್ದರೆ ಅದನ್ನು ವೈದ್ಯರಿಗೆ ತಪ್ಪದೆ ಹೇಳಿ, ಕಾರಣ ಬೇರೆಯೇ ಇರಬಹುದು. ದೃಷ್ಟಿ ಮಂಜಾದರೆ, ನೋವು ಹೆಚ್ಚಾದರೆ ಕಾಯಬೇಡಿ.