‘ಫ್ಲೈಯಿಂಗ್ ವಿಚ್’ನಲ್ಲಿ ಏನೂ ನಡೆಯುವುದೇ ಇಲ್ಲವಲ್ಲ, ಮುಂದೆ ನೋಡಬೇಕಾ?

ಈ ಜಪಾನಿ ಅನಿಮೇಷನ್ ಸರಣಿಯ ಮೂರು ಎಪಿಸೋಡ್ ನೋಡಿದೆ, ಕಥೆ ಇನ್ನೂ ಶುರುವೇ ಆಗಿಲ್ಲ, ಮಂತ್ರ ಮಾಯ ಅಂದಮೇಲೆ ಒಬ್ಬ ಶತ್ರುವಾದರೂ ಬೇಡವಾ ಅಂತ ಕೇಳಿದ್ದೀರಿ. ಶತ್ರು ಕೊನೆಯವರೆಗೂ ಬರುವುದಿಲ್ಲ. 12 ಎಪಿಸೋಡಿನಲ್ಲಿ ಯಾರೂ ಯಾರನ್ನೂ ಸೋಲಿಸುವುದಿಲ್ಲ. ಅದಕ್ಕಾಗಿ ಕಾಯುತ್ತಿದ್ದರೆ ಇಲ್ಲಿಗೇ ಬಿಟ್ಟುಬಿಡಿ. ಆದರೆ ಕಥೆ ಶುರುವಾಗಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಮೊದಲ ಎಪಿಸೋಡಿನಲ್ಲಿ ನಾಯಕಿ ಮಕೊತೊ ಬರುವಾಗ ನೆಲದ ಮೇಲೆ ಇನ್ನೂ ಹಿಮ ಇತ್ತು ಅಲ್ವಾ? ಆ ಹಿಮ ಕರಗಿ, ಹೂವಾಗಿ, ಬೇಸಿಗೆ ಹತ್ತಿರ ಬರುವುದೇ ಇದರ ಕಥೆ.

ಮೊದಲು ಒಂದು ಪದದ ವಿಷಯ. ಹೆಸರಿನಲ್ಲಿರುವ ‘ವಿಚ್’ಗೆ ಕನ್ನಡದಲ್ಲಿ ಮಾಟಗಾತಿ ಅನ್ನುತ್ತೇವೆ, ಮಾಟಗಾತಿ ಅಂದರೆ ಯಾರಿಗೋ ಕೇಡು ಮಾಡುವವಳು ಅಂತಲೇ ಕಿವಿಗೆ ಬೀಳುತ್ತದೆ. ಮಕೊತೊ ಕೊವಾತಾಗೆ ಆ ಪದ ಹೊಂದುವುದೇ ಇಲ್ಲ. ಅವಳು ಮಂತ್ರ ಕಲಿಯುತ್ತಿರುವ 15 ವರ್ಷದ ಹುಡುಗಿ. ಆ ವಯಸ್ಸಿಗೆ ಮನೆ ಬಿಟ್ಟು ಬದುಕಲು ಕಲಿಯಬೇಕು ಅನ್ನುವುದು ಅವರಲ್ಲಿ ಪದ್ಧತಿ. ಹಾಗಾಗಿ ಯೊಕೊಹಾಮಾ ಬಿಟ್ಟು, ಚಿಟೊ ಅನ್ನುವ ಕಪ್ಪು ಬೆಕ್ಕಿನ ಜೊತೆ, ಜಪಾನಿನ ಉತ್ತರದ ಅಓಮೊರಿ ಪ್ರಾಂತ್ಯದ ಹಿರೊಸಾಕಿ ಊರಿನಲ್ಲಿರುವ ನೆಂಟರ ಮನೆಗೆ ಬರುತ್ತಾಳೆ. ಅಲ್ಲಿ ಅವಳು ಮಾಡುವ ಮೊದಲ ದೊಡ್ಡ ಕೆಲಸ ಏನು? ಹಿತ್ತಲ ಪಾಳು ಜಾಗ ಅಗೆದು ತರಕಾರಿ ಬೀಜ ಹಾಕುವುದು!

ನನಗೆ ಇದರಲ್ಲಿ ತುಂಬಾ ಇಷ್ಟವಾಗುವುದು ಮಂತ್ರವನ್ನು ಮನೆಯವರು ತೆಗೆದುಕೊಳ್ಳುವ ರೀತಿ. ಅಂಗಡಿಯಲ್ಲಿ ಪೊರಕೆ ಕೊಳ್ಳುವಾಗ ಸರಿಯಾಗಿದೆಯಾ ಅಂತ ನೋಡಲು ಮಕೊತೊ ಅದರ ಮೇಲೆ ಕೂತು ಸುಮ್ನೆ ಗಾಳಿಯಲ್ಲಿ ಮೇಲೇಳುತ್ತಾಳೆ, ಆ ನೆಂಟರ ಮನೆಯ ಪುಟ್ಟ ಹುಡುಗಿ ಚಿನಾತ್ಸು ಬಾಯಿ ಬಿಟ್ಟು ನೋಡುತ್ತಾಳೆ. ದಾರಿಯಲ್ಲಿ ಕಂಡ ಮ್ಯಾಂಡ್ರೇಕ್ ಬೇರನ್ನು (ಇದರ ಕಿರುಚು ಕೇಳಿದವರು ಸಾಯುತ್ತಾರೆ ಅಂತ ಹಳೆಯ ಕಥೆಗಳು ಹೇಳುತ್ತವೆ) ಕಿತ್ತು, ಅದು ಕಿರುಚುತ್ತಿದ್ದರೂ, ಹೊಸ ಗೆಳತಿ ನಾವೊಗೆ ಉಡುಗೊರೆ ಅಂತ ಕೊಡಲು ಹೋಗುತ್ತಾಳೆ. ಬೇರೆ ಕಥೆಯಲ್ಲಿ ಇದು ಜೀವಕ್ಕೆ ಅಪಾಯ ತರುವ ದೃಶ್ಯ ಆಗುತ್ತಿತ್ತು. ಇಲ್ಲಿ ಊರಿಗೆ ಹೊಸದಾಗಿ ಬಂದ ಮಕೊತೊಗೆ ಯಾವ ಉಡುಗೊರೆ ಕೊಡಬೇಕು ಅಂತ ಗೊತ್ತಾಗಲಿಲ್ಲ, ಅಷ್ಟೇ. ಆ ಮುಜುಗರ ನನಗೆ ಗೊತ್ತು. ನಾನೂ ಓದಲು ನೆಂಟರ ಮನೆಯಲ್ಲಿ ಎರಡು ವರ್ಷ ಇದ್ದವಳು. ಅಡುಗೆಮನೆಯಲ್ಲಿ ಯಾವ ಡಬ್ಬಿ ಎಲ್ಲಿದೆ ಅಂತ ಕೇಳದೆ ತೆಗೆಯಲು ನನಗೆ ಎಷ್ಟೋ ತಿಂಗಳು ಬೇಕಾಯಿತು.

ಮನೆ ಬಾಗಿಲಿಗೆ ಎತ್ತರದ ವಿಚಿತ್ರ ವ್ಯಕ್ತಿಯೊಬ್ಬ ಬಂದಿದ್ದು ನೆನಪಿದೆಯಾ? ಚಿನಾತ್ಸು ಹೆದರಿ ಬಾಗಿಲು ಹಾಕಿಬಿಡುತ್ತಾಳೆ. ಅವನು ವಸಂತವನ್ನು ಹೊತ್ತು ತರುವವನು. ಋತು ಅನ್ನುವುದು ಇಲ್ಲಿ ಬಾಗಿಲು ತಟ್ಟಿ, ನಮಸ್ಕಾರ ಹೇಳಿ ಬರುವ ಅತಿಥಿ. ಹಿರೊಸಾಕಿ ಚಳಿ ಊರು, ಅಲ್ಲಿ ಚೆರ್ರಿ ಹೂ ಅರಳುವುದು ಟೋಕಿಯೊಗಿಂತ ಎಷ್ಟೋ ತಡ, ಏಪ್ರಿಲ್ ಕೊನೆಯ ಹೊತ್ತಿಗೆ. ಅಷ್ಟು ಕಾದವರಿಗೆ ವಸಂತ ಯಾರೋ ಒಬ್ಬರು ಬಂದ ಹಾಗೆ ಅನಿಸುವುದು ಸಹಜ ಅಂತ ನನಗೆ ಅನಿಸಿತು. ಸರಣಿಯಲ್ಲಿ ಕಾಣುವ ಹಿರೊಸಾಕಿ ಕೋಟೆಯ ಉದ್ಯಾನ, ಆ ಹೂಗಳು, ಸೇಬಿನ ತೋಟಗಳು ಎಲ್ಲ ನಿಜವಾಗಿಯೂ ಇವೆ. ಜಪಾನಿನಲ್ಲಿ ಸೇಬು ಅತಿ ಜಾಸ್ತಿ ಬೆಳೆಯುವುದು ಅಓಮೊರಿಯಲ್ಲೇ.

ಮುಂದೆ ಬರುವುದನ್ನು ಜಾಸ್ತಿ ಹೇಳುವುದಿಲ್ಲ. ಅಕಾನೆ ಬರುತ್ತಾಳೆ, ಮಕೊತೊಳ ಅಕ್ಕ, ಮಂತ್ರದಲ್ಲಿ ಬಹಳ ಗಟ್ಟಿ, ಆದರೆ ಕುಡಿದ ಮತ್ತಿನಲ್ಲಿ ಅವಳು ಮಂತ್ರ ಹಾಕಿದ ಚಾಕೊಲೇಟ್ ತಿಂದು ಇನುಕಾಯ್ ಅನ್ನುವ ಭವಿಷ್ಯ ಹೇಳುವ ಹುಡುಗಿಗೆ ನಾಯಿಯ ರೂಪ ಬಂದುಬಿಟ್ಟಿದೆ. ಕಾಡಿನೊಳಗೆ ಒಂದು ಕೆಫೆ ಇದೆ, ಅಲ್ಲಿ ಕೆಲಸ ಮಾಡುವ ಹುಡುಗಿ ಒಂದು ನಾಚಿಕೆಯ ದೆವ್ವ. ಆಮೇಲೆ ಆಕಾಶದಲ್ಲಿ ತಿಮಿಂಗಿಲ, ಅದನ್ನು ನೀವೇ ನೋಡಬೇಕು. ಚಿನಾತ್ಸು ಕೂಡ ಮಂತ್ರ ಕಲಿಯಲು ಶುರು ಮಾಡುತ್ತಾಳೆ. ಹೆದರಿ ಬಾಗಿಲು ಹಾಕಿದ ಅದೇ ಮಗು. ನೀವು ಕೇಳಿದ ಕಥೆ ಬೇಕಿದ್ದರೆ ಅವಳನ್ನು ಗಮನಿಸಿ, ಇಡೀ ಸರಣಿಯಲ್ಲಿ ಅತಿ ದೂರ ಸಾಗಿ ಬರುವವಳು ಅವಳೇ.

ಇನ್ನೊಂದು ಮಾತು. ಒಂದೇ ಸಲಕ್ಕೆ ಎಲ್ಲ ನೋಡಬೇಡಿ. ನಾನು ಮೊದಲ ಸಲ ಒಂದೇ ಭಾನುವಾರ ಆರು ಎಪಿಸೋಡ್ ನೋಡಿ, ನಿಮ್ಮ ಹಾಗೆಯೇ ಏನಿದು ಅಂದುಕೊಂಡು ಬಿಟ್ಟಿದ್ದೆ. ಮತ್ತೆ ನೋಡಿದ್ದು ರಾತ್ರಿ ಊಟ ಆದಮೇಲೆ, ದಿನಕ್ಕೆ ಒಂದೇ. ಮನೆಯ ಯಜಮಾನ, ಅಂದರೆ ಚಿನಾತ್ಸುವಿನ ಅಪ್ಪ, ಮಾತಾಡುವಾಗ ಕಿವಿ ಕೊಟ್ಟು ಕೇಳಿ. ಅವನದು ಆ ಕಡೆಯ ತ್ಸುಗಾರು ನುಡಿ, ಬೇರೆ ಊರಿನ ಜಪಾನಿಗರಿಗೇ ಅರ್ಥವಾಗುವುದು ಕಷ್ಟ. ಮಕೊತೊಗೂ ಅರ್ಥವಾಗುವುದಿಲ್ಲ, ಆದರೂ ನಗುತ್ತಾ ತಲೆ ಆಡಿಸುತ್ತಾಳೆ. ನಾಳೆ ರಾತ್ರಿ ನಾಲ್ಕನೆಯದು ಒಂದೇ ಹಾಕಿ ನೋಡಿ, ಹೇಗನಿಸಿತು ಅಂತ ಇಲ್ಲೇ ಬರೆಯಿರಿ.