ಇಬ್ಬರು ಮಕ್ಕಳಲ್ಲಿ ಒಬ್ಬ ಹುಡುಗ: ಅರ್ಧವೋ, ಮೂರರಲ್ಲಿ ಒಂದೋ?

ಪ್ರಶ್ನೆ: ‘ಒಂದು ಮನೆಯಲ್ಲಿ ಇಬ್ಬರು ಮಕ್ಕಳು. ಅವರಲ್ಲಿ ಕನಿಷ್ಠ ಒಬ್ಬ ಹುಡುಗ. ಇಬ್ಬರೂ ಹುಡುಗರಾಗಿರುವ ಸಂಭವನೀಯತೆ ಎಷ್ಟು?’ ಪಿಯುಸಿ ತರಗತಿಯಲ್ಲಿ ಈ ಲೆಕ್ಕ ಕೊಟ್ಟರೆ ಕೆಲವರು 1/2 ಎನ್ನುತ್ತಾರೆ, ಕೆಲವರು 1/3 ಎನ್ನುತ್ತಾರೆ. ಎರಡೂ ಕಡೆಯವರ ವಾದ ಸರಿಯಾಗಿಯೇ ಕಾಣುತ್ತದೆ. ಯಾವುದಕ್ಕೆ ಅಂಕ ಕೊಡಬೇಕು?
— ಗಣಿತ ಉಪನ್ಯಾಸಕಿ, ತುಮಕೂರು

ಉತ್ತರ: ಪ್ರಶ್ನೆ ಹೀಗೇ ಇದ್ದರೆ ಒಂದೇ ಉತ್ತರಕ್ಕೆ ಅಂಕ ಕೊಡುವುದು ಅನ್ಯಾಯ. ‘ಕನಿಷ್ಠ ಒಬ್ಬ ಹುಡುಗ’ ಎಂಬುದು ನಮಗೆ ಹೇಗೆ ತಿಳಿಯಿತು ಎಂದು ಅದರಲ್ಲಿ ಹೇಳಿಲ್ಲ. ಉತ್ತರ ನಿಂತಿರುವುದೇ ಅದರ ಮೇಲೆ.

1/3 ಬರುವುದು ಹೀಗೆ. ಹಿರಿಯ ಮಗುವನ್ನು ಮೊದಲು, ಕಿರಿಯದನ್ನು ಆಮೇಲೆ ಬರೆದರೆ ನಾಲ್ಕು ಬಗೆ: ಗಂಡು-ಗಂಡು, ಗಂಡು-ಹೆಣ್ಣು, ಹೆಣ್ಣು-ಗಂಡು, ಹೆಣ್ಣು-ಹೆಣ್ಣು. ನಾಲ್ಕಕ್ಕೂ ಸಮಪಾಲು. ಕೊನೆಯದನ್ನು ಬಿಟ್ಟರೆ ಮೂರು ಉಳಿಯುತ್ತವೆ. ಮೂರರಲ್ಲಿ ಒಂದು ಗಂಡು-ಗಂಡು. ನಡುವಿನ ಎರಡನ್ನು ‘ಒಂದು ಗಂಡು, ಒಂದು ಹೆಣ್ಣು’ ಎಂದು ಸೇರಿಸಿ ಒಂದೇ ಬಗೆಯಾಗಿ ಎಣಿಸುವ ವಿದ್ಯಾರ್ಥಿಗಳು ಪ್ರತಿ ವರ್ಷ ಇರುತ್ತಾರೆ. ಸಮಪಾಲಿಲ್ಲದ್ದನ್ನು ಸಮಪಾಲು ಎಂದು ಎಣಿಸುವ ಈ ತಪ್ಪು ದೊಡ್ಡವರನ್ನೂ ಬಿಟ್ಟಿಲ್ಲ. ನಾಣ್ಯವನ್ನು ಎರಡು ಸಲ ಚಿಮ್ಮಿದಾಗ ಒಮ್ಮೆಯಾದರೂ ಹೆಡ್ ಬೀಳುವ ಸಂಭವನೀಯತೆ 2/3 ಎಂದು ಫ್ರಾನ್ಸಿನ ಗಣಿತಜ್ಞ ಡಿ’ಅಲೆಂಬರ್ಟ್ 1754ರಲ್ಲಿ ವಾದಿಸಿದ್ದರು. ಸರಿಯುತ್ತರ 3/4.

ಇನ್ನು 1/2 ಎನ್ನುವವರು. ‘ಒಂದು ಮಗುವಿಗೂ ಇನ್ನೊಂದಕ್ಕೂ ಸಂಬಂಧವಿಲ್ಲ, ಹಾಗಾಗಿ ಇನ್ನೊಂದು ಮಗು ಗಂಡಾಗುವುದು ಅರ್ಧಕ್ಕರ್ಧ’ ಎಂದು ಇವರ ವಾದ. ‘ಹಿರಿಯವನು ಹುಡುಗ’ ಎಂದಿದ್ದರೆ ಇದು ನೂರಕ್ಕೆ ನೂರು ಸರಿ. ಆದರೆ ‘ಕನಿಷ್ಠ ಒಬ್ಬ’ ಎಂದಾಗ ಯಾವ ಮಗುವಿನ ಕಡೆಗೂ ಬೆರಳು ತೋರಿಸಿಲ್ಲ. ಇಬ್ಬರೂ ಹುಡುಗರಿದ್ದರೆ ‘ಇನ್ನೊಂದು ಮಗು’ ಎಂದರೆ ಯಾವುದು? ಆದ್ದರಿಂದ ಈ ವಾದ ನಿಲ್ಲುವುದಿಲ್ಲ. ಆದರೂ 1/2 ಎಂಬ ಉತ್ತರಕ್ಕೆ ಇದಕ್ಕಿಂತ ಗಟ್ಟಿಯಾದ ಆಧಾರವಿದೆ. ಅದನ್ನು ಬಾಯಲ್ಲಿ ಹೇಳುವುದಕ್ಕಿಂತ ತರಗತಿಯಲ್ಲಿ ಮಾಡಿ ತೋರಿಸುವುದು ಒಳ್ಳೆಯದು.

ಇಬ್ಬಿಬ್ಬರ ಜೋಡಿ ಮಾಡಿ. ಪ್ರತಿ ಜೋಡಿಗೆ 1 ರೂಪಾಯಿಯ ಒಂದು ನಾಣ್ಯ, 2 ರೂಪಾಯಿಯ ಒಂದು ನಾಣ್ಯ, ಒಂದು ಸ್ಟೀಲ್ ಲೋಟ. ನಾಣ್ಯಗಳು ಬೇರೆ ಬೇರೆಯೇ ಇರಲಿ. ಆಗ ಹೆಡ್-ಟೇಲ್ ಬೇರೆ, ಟೇಲ್-ಹೆಡ್ ಬೇರೆ ಎಂಬುದು ಕಣ್ಣಿಗೇ ಕಾಣುತ್ತದೆ. ಹೆಡ್ ಎಂದರೆ ಹುಡುಗ. ಒಬ್ಬರು ಲೋಟ ಕುಲುಕಿ ಮೇಜಿನ ಮೇಲೆ ಬೋರಲು ಹಾಕಿ, ತಾವು ಮಾತ್ರ ಇಣುಕಿ ನೋಡಬೇಕು.

ಮೊದಲ ಸುತ್ತಿನಲ್ಲಿ ಎದುರಿಗಿರುವವರು ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳಲಿ: ‘ಒಂದಾದರೂ ಹೆಡ್ ಇದೆಯಾ?’ ‘ಇಲ್ಲ’ ಎಂದರೆ ಆ ಸಲದ್ದನ್ನು ಬಿಡಿ. ‘ಹೌದು’ ಎಂದರೆ ಲೋಟ ಎತ್ತಿ, ಎರಡೂ ಹೆಡ್ ಇದ್ದರೆ ಗುರುತು ಹಾಕಿ. 100 ಸಲಕ್ಕೆ ಸುಮಾರು 75 ಉಳಿಯುತ್ತವೆ, ಅವುಗಳಲ್ಲಿ 25 ಜೋಡಿ ಹೆಡ್. ಅಂದರೆ 1/3.

ಎರಡನೇ ಸುತ್ತಿನಲ್ಲಿ ಪ್ರಶ್ನೆಯೇ ಇಲ್ಲ. ಇಣುಕಿದವರು 5 ರೂಪಾಯಿಯ ನಾಣ್ಯವೊಂದನ್ನು ಬೇರೆಯಾಗಿ ಚಿಮ್ಮಲಿ. ಅದು ಹೆಡ್ ಆದರೆ 1 ರೂಪಾಯಿಯ ನಾಣ್ಯ, ಟೇಲ್ ಆದರೆ 2 ರೂಪಾಯಿಯದು ಹೇಗೆ ಬಿದ್ದಿದೆ ಎಂದಷ್ಟೇ ಹೇಳಲಿ, ಯಾವ ನಾಣ್ಯವೆಂದು ಹೇಳುವುದು ಬೇಡ: ‘ಒಂದು ಹೆಡ್ ಇದೆ’ ಅಥವಾ ‘ಒಂದು ಟೇಲ್ ಇದೆ’. ‘ಹೆಡ್ ಇದೆ’ ಎಂದ ಸಲಗಳನ್ನು ಮಾತ್ರ ಎಣಿಸಿ. ಜೋಡಿ ಹೆಡ್ ಬಿದ್ದ 25 ಸಲವೂ ಈ ಮಾತು ಬರುತ್ತದೆ. ಮಿಶ್ರವಾಗಿ ಬಿದ್ದ 50ರಲ್ಲಿ ಅರ್ಧದಲ್ಲಿ ಮಾತ್ರ ಬರುತ್ತದೆ, ಉಳಿದರ್ಧ ‘ಟೇಲ್ ಇದೆ’ ಆಗಿ ಜಾರಿಹೋಗುತ್ತದೆ. ಒಟ್ಟು 50ರಲ್ಲಿ 25, ಅಂದರೆ 1/2.

ಎರಡು ಕಡೆ ಕೈತಪ್ಪುತ್ತದೆ. ಎರಡನೇ ಸುತ್ತಿನಲ್ಲಿ ಮಿಶ್ರವಾಗಿ ಬಿದ್ದಾಗ ಇಣುಕಿದವರು ಅಭ್ಯಾಸಬಲದಿಂದ ‘ಹೆಡ್’ ಎಂದುಬಿಡುತ್ತಾರೆ. ಅಲ್ಲಿಗೆ ಅದು ಮೊದಲ ಸುತ್ತಿನಂತೆಯೇ ಆಗಿ 1/3ರ ಕಡೆಗೆ ಹೊರಳುತ್ತದೆ. 5 ರೂಪಾಯಿಯ ನಾಣ್ಯ ಇರುವುದು ಇದನ್ನು ತಡೆಯಲಿಕ್ಕೆ. ಇನ್ನೊಂದು, 100 ಸಲ ಸಾಲದು. ಜೋಡಿ ಹೆಡ್ 17 ಬಿದ್ದರೂ 33 ಬಿದ್ದರೂ ಅದು ಸಹಜವೇ. ಇಪ್ಪತ್ತು ಜೋಡಿಗಳು ತಲಾ 50 ಸಲ ಮಾಡಿ 1,000ದ ಲೆಕ್ಕ ಕೂಡಿಸಿದರೆ ಎರಡು ಉತ್ತರಗಳು ಬೋರ್ಡಿನ ಮೇಲೆ ಸ್ಪಷ್ಟವಾಗಿ ಬೇರೆಯಾಗುತ್ತವೆ.

ಗಣಿತದ ಒಗಟುಗಳ ಬಗ್ಗೆ ಬರೆಯುತ್ತಿದ್ದ ಅಮೆರಿಕದ ಲೇಖಕ ಮಾರ್ಟಿನ್ ಗಾರ್ಡ್ನರ್ 1959ರಲ್ಲಿ ತಮ್ಮ ಅಂಕಣದಲ್ಲಿ ಈ ಸಮಸ್ಯೆ ಕೊಟ್ಟು 1/3 ಎಂದಿದ್ದರು. ಮಾಹಿತಿ ಸಿಕ್ಕ ಬಗೆಯನ್ನು ಹೇಳದಿದ್ದರೆ ಪ್ರಶ್ನೆ ಅಸ್ಪಷ್ಟ ಎಂದು ಆಮೇಲೆ ಅವರೇ ಒಪ್ಪಿಕೊಂಡರು. ಪ್ರಶ್ನೆಪತ್ರಿಕೆಗೆ ಹಾಕುವುದಾದರೆ ಹೀಗೆ ಬರೆಯಿರಿ: ‘ಇಬ್ಬರು ಮಕ್ಕಳಿರುವ ಮನೆಗಳ ಪಟ್ಟಿಯಿಂದ ಗಂಡುಮಗು ಇಲ್ಲದ ಮನೆಗಳನ್ನು ತೆಗೆದುಹಾಕಿ, ಉಳಿದವುಗಳಲ್ಲಿ ಒಂದನ್ನು ಚೀಟಿ ಎತ್ತಿ ಆರಿಸಲಾಗಿದೆ.’ ಆಗ 1/3 ಬಿಟ್ಟು ಬೇರೆ ಉತ್ತರವಿಲ್ಲ.

ಪ್ರಶ್ನೆ: ಇದೇ ಲೆಕ್ಕದಲ್ಲಿ ‘ಮಂಗಳವಾರ ಹುಟ್ಟಿದ ಒಬ್ಬ ಹುಡುಗ ಇದ್ದಾನೆ’ ಎಂದರೆ ಉತ್ತರ 13/27 ಆಗುತ್ತದಂತೆ. ವಾರಕ್ಕೂ ತಮ್ಮನಿಗೂ ಏನು ಸಂಬಂಧ?
— ಬಿ.ಎಸ್ಸಿ. ವಿದ್ಯಾರ್ಥಿ, ಧಾರವಾಡ

ಉತ್ತರ: ಸಂಬಂಧ ಯಾವುದೂ ಇಲ್ಲ, ಇದು ಎಣಿಕೆಯ ಪರಿಣಾಮ. ಇದನ್ನು 2010ರಲ್ಲಿ ಗ್ಯಾರಿ ಫೋಶೀ ಎಂಬವರು ಗಾರ್ಡ್ನರ್ ಅಭಿಮಾನಿಗಳ ಸಮಾವೇಶದಲ್ಲಿ ಕೇಳಿದ್ದರು. ಒಂದು ಮಗುವಿಗೆ 2 ಲಿಂಗ, 7 ವಾರ ಸೇರಿ 14 ಬಗೆ; ಇಬ್ಬರಿಗೆ 14 × 14 = 196. ಹಿರಿಯವನು ಮಂಗಳವಾರದ ಹುಡುಗನಾದರೆ 14 ಬಗೆ, ಕಿರಿಯವನಾದರೆ 14. ಇಬ್ಬರೂ ಮಂಗಳವಾರದ ಹುಡುಗರಾದ ಬಗೆ ಎರಡು ಸಲ ಎಣಿಕೆಗೆ ಬಂದಿರುವುದರಿಂದ ಒಂದು ಕಳೆಯಿರಿ: 27. ಇದರಲ್ಲಿ ಇಬ್ಬರೂ ಗಂಡಾದವು 7 + 7 − 1 = 13.

ಎಲ್ಲ ಅಡಗಿರುವುದು ಆ ‘ಕಳೆಯುವ ಒಂದ’ರಲ್ಲಿ. ವಾರ ಹೇಳದಿದ್ದಾಗಲೂ ಹೀಗೇ ಎಣಿಸಿದರೆ ಹಿರಿಯವನು ಹುಡುಗನಾದ 2 ಬಗೆ, ಕಿರಿಯವನು ಹುಡುಗನಾದ 2 ಬಗೆ; 2 + 2ರಲ್ಲಿ ಒಂದನ್ನು ಕಳೆದರೆ 3, ಅಲ್ಲಿ ಆ ಒಂದರ ಭಾರ ದೊಡ್ಡದು. 28ರಲ್ಲಿ ಒಂದು ಹೋದರೆ ಏನೂ ಅಲ್ಲ. ವಾರದ ಬದಲು ತಿಂಗಳು ಹೇಳಿದರೆ 23/47, ಹುಟ್ಟಿದ ದಿನಾಂಕವನ್ನೇ ಹೇಳಿದರೆ 729/1459. ಗುರುತು ಎಷ್ಟು ಅಪರೂಪವಾಗುತ್ತದೋ ಅದು ಅಷ್ಟು ಖಚಿತವಾಗಿ ಒಂದೇ ಮಗುವನ್ನು ತೋರಿಸುತ್ತದೆ, ಉತ್ತರ ಅರ್ಧಕ್ಕೆ ಹತ್ತಿರವಾಗುತ್ತದೆ.

ಆದರೆ 13/27 ಬರಬೇಕಾದರೆ ‘ಮಂಗಳವಾರ ಹುಟ್ಟಿದ ಹುಡುಗ ಇದ್ದಾನೆಯೇ?’ ಎಂದು ನಾವೇ ಮೊದಲು ನಿರ್ಧರಿಸಿ ಕೇಳಿರಬೇಕು. ತಂದೆ ಇಬ್ಬರಲ್ಲಿ ಯಾರೋ ಒಬ್ಬರನ್ನು ನೆನೆದು ಆ ಮಗುವಿನ ಲಿಂಗ, ವಾರ ಹೇಳಿದ್ದರೆ 1/2.

ಪ್ರಶ್ನೆ: ನಿಜವಾದ ಮನೆಗಳನ್ನು ಎಣಿಸಿದರೂ 1/3 ಬರುತ್ತದೆಯೇ?
— ಪ್ರೌಢಶಾಲಾ ಶಿಕ್ಷಕ, ಶಿರಸಿ

ಉತ್ತರ: ಹತ್ತಿರ ಬರಬಹುದು. ಅಮೆರಿಕದ ಅಂಕಣಕಾರ್ತಿ ಮೆರಿಲಿನ್ ವೋಸ್ ಸಾವಂತ್ ಇಬ್ಬರೇ ಮಕ್ಕಳಿದ್ದು ಅವರಲ್ಲಿ ಕನಿಷ್ಠ ಒಬ್ಬ ಹುಡುಗನಿರುವ ಓದುಗರಿಂದ ಉತ್ತರ ತರಿಸಿಕೊಂಡರು. ಬಂದ 17,946 ಉತ್ತರಗಳಲ್ಲಿ ಶೇ 35.9 ಮನೆಗಳಲ್ಲಿ ಇಬ್ಬರೂ ಹುಡುಗರು. 100 ಹೆಣ್ಣಿಗೆ ಸುಮಾರು 105 ಗಂಡು ಹುಟ್ಟುವುದು ಸಹಜವಾದ್ದರಿಂದ ಶೇ 34.4ರಷ್ಟನ್ನು ನಿರೀಕ್ಷಿಸಬಹುದಿತ್ತು.

ನಮ್ಮಲ್ಲಿ ಇನ್ನೊಂದು ಸಂಗತಿ ಸೇರುತ್ತದೆ. ಗಂಡು ಹುಟ್ಟಿದ ಮೇಲೆ ‘ಇನ್ನು ಸಾಕು’ ಎನ್ನುವ ಮನೆಗಳಿವೆ. ಭಾರತದ ಮನೆಗಳಲ್ಲಿ ಕೊನೆಯ ಮಗು ಗಂಡಾಗಿರುವುದು ಸಹಜಕ್ಕಿಂತ ಹೆಚ್ಚು ಎಂದು 2017-18ರ ಆರ್ಥಿಕ ಸಮೀಕ್ಷೆ ತೋರಿಸಿದೆ. 400 ಮನೆಗಳನ್ನು ಊಹಿಸಿಕೊಳ್ಳಿ. ಮೊದಲ ಮಗು ಗಂಡಾದ 200ರಲ್ಲಿ 100 ಮನೆಯವರು ಅಲ್ಲಿಗೇ ನಿಲ್ಲಿಸಿದರು, ಮಿಕ್ಕವರೆಲ್ಲ ಇಬ್ಬರಿಗೆ ನಿಲ್ಲಿಸಿದರು ಎನ್ನಿ. ಆಗ ಗಂಡು-ಗಂಡು 50, ಗಂಡು-ಹೆಣ್ಣು 50, ಹೆಣ್ಣು-ಗಂಡು 100. ಉತ್ತರ 1/4ಕ್ಕೆ ಇಳಿಯಿತು.

ಶಾಲೆಯಲ್ಲಿ ಎಣಿಸುವಾಗ ಯಾರನ್ನು ಕೇಳುತ್ತೀರಿ ಎಂಬುದನ್ನೂ ನೋಡಿಕೊಳ್ಳಿ. ಪೋಷಕರ ಸಭೆಯಲ್ಲಿ ಮನೆಗೆ ಒಂದರಂತೆ ಲೆಕ್ಕ ಹಿಡಿದರೆ ಮೇಲಿನ ವಿವರಣೆ ಅನ್ವಯಿಸುತ್ತದೆ. ಅದರ ಬದಲು ಶಾಲೆಯ ಹುಡುಗರನ್ನು ನಿಲ್ಲಿಸಿ ‘ನಿನಗೆ ಅಣ್ಣನೋ ತಮ್ಮನೋ ಇದ್ದಾನೆಯೇ?’ ಎಂದು ಕೇಳಿದರೆ, ಗಂಡು-ಗಂಡು ಮನೆಯಿಂದ ಇಬ್ಬರು ಕೈ ಎತ್ತುತ್ತಾರೆ. ಯಾರೂ ನಡುವೆ ನಿಲ್ಲಿಸದ 400 ಮನೆಗಳಲ್ಲಿ ಹುಡುಗರು 400. ಅವರಲ್ಲಿ 200 ಮಂದಿಗೆ ಅಣ್ಣನೋ ತಮ್ಮನೋ ಇರುತ್ತಾನೆ. ಅದೇ ಮನೆಗಳಿಂದ ಈ ಸಲ ನಿಮಗೆ ಸಿಗುವುದು 1/2.